ಮೊಡವೆಗೆ ಮಾತ್ರೆ: ಅವಸರವೂ ಬೇಡ, ಅತಿಯೂ ಬೇಡ

ಕಾಸರಗೋಡು: ಮಳೆಗಾಲದಲ್ಲಿ ಇಲಿಜ್ವರ ತಡೆಗೆ ಕೇರಳದ ಆರೋಗ್ಯ ಇಲಾಖೆ ವಾರಕ್ಕೊಮ್ಮೆ ನುಂಗಲು ಕೊಡುವ ಡಾಕ್ಸಿಸೈಕ್ಲಿನ್ ಮಾತ್ರೆಯನ್ನೇ ಚರ್ಮರೋಗ ತಜ್ಞರು ಕೀವು ತುಂಬಿದ ಮೊಡವೆಗೂ ಬರೆಯುತ್ತಾರೆ. ಹಾಗೆಂದು ಮನೆಯಲ್ಲಿ ಉಳಿದ ಮಾತ್ರೆಯನ್ನು ಹದಿಹರೆಯದವರು ತಾವಾಗಿಯೇ ನುಂಗುವುದು ಸಲ್ಲದು.

ಎರಡು ವಾರದಲ್ಲಿ ಮುಖ ತಿಳಿಯಾಗಲಿಲ್ಲವೆಂದು ಬೇಸತ್ತು ಬಿಡುವವರಿದ್ದಾರೆ. ಆದರೆ ಗುಣ ಕಾಣಲು ಸಾಮಾನ್ಯವಾಗಿ 6ರಿಂದ 8 ವಾರ ಬೇಕು. ಗುಣವಾಯಿತೆಂದು ವರ್ಷಗಟ್ಟಲೆ ಮುಂದುವರಿಸುವುದೂ ತಪ್ಪು. 3-4 ತಿಂಗಳಲ್ಲಿ ನಿಲ್ಲಿಸುವುದು ವಾಡಿಕೆ. ಜೊತೆಗೆ ಬೆಂಜಾಯಿಲ್ ಪೆರಾಕ್ಸೈಡ್ ಮುಲಾಮು ಹಚ್ಚಬೇಕು. ಬರೀ ಮಾತ್ರೆಯನ್ನೇ ನಂಬಿದರೆ ರೋಗಾಣು ಔಷಧಕ್ಕೆ ಬಗ್ಗದಂತಾಗಬಹುದು.

ಮಾತ್ರೆಯನ್ನು ಊಟದ ನಂತರ ಒಂದು ಲೋಟ ತುಂಬಾ ನೀರಿನೊಂದಿಗೆ ನುಂಗಬೇಕು. ಕೂಡಲೇ ಮಲಗಿದರೆ ಅನ್ನನಾಳದಲ್ಲಿ ಹುಣ್ಣಾಗಿ ಎದೆ ಉರಿಯಬಹುದು. ರಕ್ತಹೀನತೆಗೆ ಕೊಡುವ ಕಬ್ಬಿಣದ ಮಾತ್ರೆಯನ್ನು ಅದೇ ಹೊತ್ತಿಗೆ ನುಂಗಿದರೆ ಔಷಧ ಮೈಗೆ ಹತ್ತದು. ಬಿಸಿಲಿಗೆ ಚರ್ಮ ಬೇಗ ಕೆಂಪಾಗುವುದರಿಂದ ಕೊಡೆ ಹಿಡಿಯುವುದು ಲೇಸು. ಗರ್ಭಿಣಿಯರಿಗೆ ಈ ಮಾತ್ರೆ ಕೂಡದು.

ವೈದ್ಯರ ಚೀಟಿಯಿಲ್ಲದೆ ಆಂಟಿಬಯಾಟಿಕ್ ಮಾರುವುದನ್ನು ತಡೆಯಲು ಕೇರಳದಲ್ಲಿ 2024ರಲ್ಲಿ 'ಆಪರೇಷನ್ ಅಮೃತ್' ಆರಂಭವಾಯಿತು. ಗೆಳತಿಯ ಚೀಟಿ ತೋರಿಸಿ ಮಾತ್ರೆ ಕೊಳ್ಳಲು ಹೊರಟವರು ಇದನ್ನು ಮರೆಯಬಾರದು. ಗೆಳತಿಗೆ ಒಗ್ಗಿದ ಮಾತ್ರೆ ತಮಗೂ ಒಗ್ಗಬೇಕೆಂದಿಲ್ಲ.