ಪ್ಲಾಸ್ಮಾ ಕೊಟ್ಟರೆ ರೊಕ್ಕ ಸಿಗ್ತದೇನು?



ಇಳಕಲ್ಲಿನ ಒಂದು ಸಂಘದ ಸಭೆಯಲ್ಲಿ ಸಾಲದ ಲೆಕ್ಕ ಮುಗಿದ ಮೇಲೆ ಮಗ್ಗದ ಕೆಲಸದ ತಾಯಿಯೊಬ್ಬರು ಕೇಳಿದರು: “ಸಿಸ್ಟರ್, ರಕ್ತದಾಗಿನ ಪ್ಲಾಸ್ಮಾ ಕೊಟ್ರ ಐದು ಸಾವಿರ ಕೊಡ್ತಾರಂತ. ನನ್ನ ಮಗ ಹೊಂಟಾನ. ಕಳಿಸ್ಲೇನ್ರಿ?” ಮಗ್ಗ ನಿಂತರೆ ಒಲೆಯೂ ನಿಲ್ಲುವ ಮನೆ ಅದು. ಬರೀ ‘ಬ್ಯಾಡ’ ಅಂದು ಎದ್ದು ಬರಲು ಮನಸ್ಸಾಗಲಿಲ್ಲ.

ಈ ಐದು ಸಾವಿರದ ಸುದ್ದಿಗೆ ಒಂದು ಮೂಲ ಇದೆ. ಕೊರೊನಾದಿಂದ ಗುಣವಾದವರು ಪ್ಲಾಸ್ಮಾ ಕೊಟ್ಟರೆ 5,000 ರೂಪಾಯಿ ಪ್ರೋತ್ಸಾಹಧನ ಕೊಡುವುದಾಗಿ 2020ರ ಜುಲೈನಲ್ಲಿ ನಮ್ಮ ರಾಜ್ಯ ಸರ್ಕಾರ ಹೇಳಿತ್ತು. ಆದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 39 ಆಸ್ಪತ್ರೆಗಳಲ್ಲಿ 464 ರೋಗಿಗಳನ್ನು ಪರೀಕ್ಷಿಸಿ ನೋಡಿದಾಗ, ಈ ಚಿಕಿತ್ಸೆಯಿಂದ ಸಾವು ಕಡಿಮೆ ಆಗಲಿಲ್ಲ. 2021ರ ಮೇ ತಿಂಗಳಲ್ಲಿ ಕೊರೊನಾ ಚಿಕಿತ್ಸೆಯಿಂದ ಪ್ಲಾಸ್ಮಾವನ್ನು ಕೈಬಿಟ್ಟರು. ಸುದ್ದಿ ಮಾತ್ರ ಇನ್ನೂ ಊರೂರು ತಿರುಗುತ್ತಿದೆ.

ರಕ್ತದಲ್ಲಿರುವ ತಿಳಿಹಳದಿ ದ್ರವವೇ ಪ್ಲಾಸ್ಮಾ. ರಕ್ತದ ಅರ್ಧಕ್ಕಿಂತ ಹೆಚ್ಚು ಪಾಲು ಇದೇ. ಕುಸುಮ ರೋಗದವರ ಔಷಧವನ್ನು ಇದರಿಂದ ತಯಾರಿಸುತ್ತಾರೆ. ಅಮೆರಿಕಾದಲ್ಲಿ ಕಂಪನಿಗಳು ಪ್ಲಾಸ್ಮಾ ಕೊಟ್ಟವರಿಗೆ ಹಣ ಕೊಡುತ್ತವೆ, ನಿಜ. ನಮ್ಮಲ್ಲಿ ಹಾಗಿಲ್ಲ. ಸುಪ್ರೀಂ ಕೋರ್ಟಿನ 1996ರ ತೀರ್ಪಿನಂತೆ 1998ರ ಜನವರಿ 1ರಿಂದ ಹಣಕ್ಕಾಗಿ ರಕ್ತ ಕೊಡುವುದು ನಿಷಿದ್ಧ.

“ಮತ್ತ ಬಾಟ್ಲಿಗೆ ನಮ್ಮ ಕಡೆ ರೊಕ್ಕ ತಗೋತಾರಲ್ರಿ?” ಎಂದು ಆ ತಾಯಿ ಬಿಡಲಿಲ್ಲ. ಒಳ್ಳೇ ಪ್ರಶ್ನೆ. ಅದು ರಕ್ತದ ಬೆಲೆಯಲ್ಲ. ಚೀಲ, ಶೀತಲ ಪೆಟ್ಟಿಗೆ, ಎಚ್‌ಐವಿ, ಕಾಮಾಲೆಯ ಬಿ ಮತ್ತು ಸಿ, ಮೇಹರೋಗ, ಮಲೇರಿಯಾ ಪರೀಕ್ಷೆ, ಇವುಗಳ ಖರ್ಚು. ಅದಕ್ಕಿಂತ ಹೆಚ್ಚು ಕೇಳಿದರೆ ರಸೀದಿ ಕೇಳಿ.

ಹಣ ಬಂದರೆ ಮನುಷ್ಯ ತನ್ನ ಕಾಯಿಲೆ ಮುಚ್ಚಿಡುತ್ತಾನೆ. ಸೋಂಕು ತಗಲಿದ ಹೊಸದರಲ್ಲಿ ಪರೀಕ್ಷೆಗೂ ಅದು ಸಿಗದೇ ಇರಬಹುದು. ಕೊಡುವವರಿಗೂ ಅಪಾಯ ತಪ್ಪಿದ್ದಲ್ಲ. 1990ರ ದಶಕದಲ್ಲಿ ಚೀನಾದ ಹೆನಾನ್ ಪ್ರಾಂತ್ಯದಲ್ಲಿ ಬಡ ರೈತರು ಪ್ಲಾಸ್ಮಾ ಮಾರಿದರು. ಹಲವರ ರಕ್ತ ಒಟ್ಟುಗೂಡಿಸಿ, ಪ್ಲಾಸ್ಮಾ ತೆಗೆದುಕೊಂಡು, ಉಳಿದ ಕೆಂಪುಕಣ ಅವರಿಗೇ ತಿರುಗಿ ಏರಿಸಿದರು. ಹಳ್ಳಿಹಳ್ಳಿಗಳೇ ಎಚ್‌ಐವಿಗೆ ಸಿಕ್ಕವು. ಆ ರೋಗ ಮನೆಯೊಳಗೆ ಬಂದರೆ ಏನಾಗುತ್ತದೆಂದು ಬಾಗಲಕೋಟೆ ಜಿಲ್ಲೆಯ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಬಾದಾಮಿ, ಹುನಗುಂದದಿಂದ ಗೋವಾಕ್ಕೆ, ಬೆಂಗಳೂರಿಗೆ ದುಡಿಯಲು ಹೋಗುವ ಹುಡುಗರು ಇದನ್ನು ನೆನಪಿಡಬೇಕು: “ಊಟ, ಬಸ್ ಚಾರ್ಜು ನಮ್ಮದು, ಆಧಾರ್ ತಗೊಂಡು ಬಾ” ಎಂದು ಕರೆಯುವವನು ದಲ್ಲಾಳಿ. ಅವನ ಹಿಂದೆ ಹೋಗಬೇಡಿ.

ದಾನವಾಗಿ ಕೊಡುವ ಮನಸ್ಸಿದ್ದರೆ ಪರವಾನಗಿ ಇರುವ ರಕ್ತನಿಧಿಗೇ ಹೋಗಿ. ವಯಸ್ಸು 18ರಿಂದ 65, ತೂಕ ಕನಿಷ್ಠ 45 ಕಿಲೋ, ಹಿಮೋಗ್ಲೋಬಿನ್ 12.5 ಇರಬೇಕು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಸೌಲಭ್ಯ ಇದ್ದ ಕಡೆ ಅದೇ ಚೀಲದಿಂದ ಪ್ಲಾಸ್ಮಾ ಬೇರ್ಪಡಿಸಿ ಇಡುತ್ತಾರೆ. ಬೇರೆಯಾಗಿ ಕೊಡುವ ಪ್ರಮೇಯ ಅಪರೂಪ. ನಮ್ಮ ಎಷ್ಟೋ ತಾಯಂದಿರಿಗೆ 12.5 ಎಲ್ಲಿಂದ ಬರಬೇಕು! ಅಂಥವರು ಮೊದಲು ಆರೋಗ್ಯ ಕೇಂದ್ರದಲ್ಲಿ ಕಬ್ಬಿಣದ ಗುಳಿಗೆ ತಗೊಳ್ಳಿ.

ಆ ತಾಯಿಯ ಮಗ ಹೋಗಲಿಲ್ಲ. ಆದರೆ ಮನೆಯ ಅಡಚಣೆ ಹಾಗೇ ಇತ್ತಲ್ಲ. ಅದೇ ಸಭೆಯಲ್ಲಿ ಸಂಘದ ಒಳಸಾಲಕ್ಕೆ ಅವರ ಅರ್ಜಿ ಬರೆಸಿದೆವು. ಅಂಥ ಅಡಚಣೆ ಇದ್ದವರು ಮುಂದಿನ ಸಭೆಯವರೆಗೆ ಕಾಯದೆ ನಿಮ್ಮ ಕಾರ್ಯಕರ್ತೆಗೆ ತಿಳಿಸಿ.