ರೋಗ ಹಿಡಿಯುವ ಸೂಜಿಗಲ್ಲು



ಹಿಟ್ಟಿನ ಗಿರಣಿಯಲ್ಲಿ ಕಾಳು ಬೀಳುವ ಕಡೆ ಸೂಜಿಗಲ್ಲು ಇಟ್ಟಿರುವುದನ್ನು ನೀವು ನೋಡಿರಬಹುದು. ಮೂಟೆ ಜೋಳದಲ್ಲಿ ಒಂದೇ ಮೊಳೆ ಇದ್ದರೂ ಅದು ಹಿಡಿಯುತ್ತದೆ, ಜೋಳವನ್ನು ಬಿಟ್ಟುಬಿಡುತ್ತದೆ. ಇದೇ ಗುಣದಿಂದ ರೋಗ ಪತ್ತೆಮಾಡುವ ಸಾಧನಕ್ಕೆ ಮ್ಯಾಗ್ನೆಟಿಕ್ ಬಯೋಸೆನ್ಸರ್ ಎಂದು ಹೆಸರು.

ರೋಗಾಣು ಕಬ್ಬಿಣವಲ್ಲವಲ್ಲ, ಅದನ್ನು ಸೂಜಿಗಲ್ಲು ಹಿಡಿಯುವುದು ಹೇಗೆ? ಇದಕ್ಕಾಗಿ ಕಬ್ಬಿಣದ ಆಕ್ಸೈಡು ಸೇರಿದ, ಕಣ್ಣಿಗೆ ಕಾಣದಷ್ಟು ಸಣ್ಣ ಮಣಿಗಳನ್ನು ತಯಾರಿಸುತ್ತಾರೆ. ಅವುಗಳ ಮೈಗೆ ಪ್ರತಿಕಾಯವನ್ನು ಲೇಪಿಸುತ್ತಾರೆ. ಪ್ರತಿಕಾಯವೆಂದರೆ ರೋಗಾಣುವನ್ನು ಎದುರಿಸಲು ಶರೀರವು ಉತ್ಪತ್ತಿ ಮಾಡುವ ವಸ್ತು. ಬೀಗಕ್ಕೆ ತಕ್ಕ ಕೀಲಿಯಂತೆ ಅದು ತನಗೆ ಗುರುತಿರುವ ರೋಗಾಣುವಿಗೇ ಅಂಟಿಕೊಳ್ಳುತ್ತದೆ.

ಸಾಧನದ ಬಿಲ್ಲೆಯ ಮೇಲೂ ಅದೇ ಬಗೆಯ ಪ್ರತಿಕಾಯ ಇರುತ್ತದೆ. ಹಾಲು ಅಥವಾ ರಕ್ತದಲ್ಲಿ ರೋಗಾಣು ಇದ್ದರೆ ಅದು ಮಣಿಗೂ ಬಿಲ್ಲೆಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಅಂಟದ ಮಣಿಗಳನ್ನು ತೆಗೆದುಹಾಕಿದ ಮೇಲೆ ಉಳಿದವುಗಳ ಕಾಂತಶಕ್ತಿಯಿಂದ ಬಿಲ್ಲೆಯೊಳಗಿನ ವಿದ್ಯುತ್ತಿನ ಹರಿವು ತುಸು ಬದಲಾಗುತ್ತದೆ. ಬದಲಾವಣೆ ಹೆಚ್ಚಿದಷ್ಟೂ ರೋಗಾಣು ಹೆಚ್ಚು. ಈ ಪರಿಣಾಮದ ಬಹು ಪ್ರಬಲ ರೂಪವನ್ನು 1988ರಲ್ಲಿ ಫ್ರಾನ್ಸಿನ ಆಲ್ಬರ್ಟ್ ಫರ್ಟ್ ಮತ್ತು ಜರ್ಮನಿಯ ಪೀಟರ್ ಗ್ರೂನ್‌ಬರ್ಗ್ ಬೇರೆಬೇರೆಯಾಗಿ ಕಂಡುಹಿಡಿದರು. 2007ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು.

ಬೆಳಕಿನಿಂದ ಮಾಡುವ ಪರೀಕ್ಷೆಗೆ ಹಾಲಿನ ಬಿಳುಪು, ರಕ್ತದ ಕೆಂಪು ಅಡ್ಡಿಯಾಗುತ್ತವೆ. ಕಾಂತಶಕ್ತಿಗೆ ಆ ಅಡ್ಡಿಯಿಲ್ಲ. ರಕ್ತದಲ್ಲಿ ಕಬ್ಬಿಣದ ಅಂಶವಿದ್ದರೂ ಅದು ಮೊಳೆಯಂತೆ ಸೂಜಿಗಲ್ಲಿಗೆ ಅಂಟುವಂಥದಲ್ಲ.

ಇಂಥ ಮಣಿಗಳು ಈಗಾಗಲೇ ಬಳಕೆಯಲ್ಲಿವೆ. 2020ರ ಕೋವಿಡ್ ಕಾಲದಲ್ಲಿ ಗಂಟಲು ದ್ರವದಿಂದ ವೈರಾಣುವಿನ ಅಂಶವನ್ನು ಬೇರ್ಪಡಿಸಲು ಅನೇಕ ಪ್ರಯೋಗಾಲಯಗಳು ಇವನ್ನು ಬಳಸಿದವು. ಆಹಾರದಲ್ಲಿರುವ ಅಪಾಯಕಾರಿ ರೋಗಾಣುಗಳನ್ನು ಹಿಡಿಯಲೂ, ಹೃದಯಾಘಾತವಾದವರ ರಕ್ತ ಪರೀಕ್ಷೆಗೂ ಇವು ಉಪಯೋಗಕ್ಕೆ ಬರುತ್ತವೆ. ಆದರೆ ಹಟ್ಟಿಯ ಬಳಿಯೇ ದನದ ರೋಗ ತಿಳಿಸುವ ಬಿಲ್ಲೆ ಇನ್ನೂ ನಮ್ಮ ಊರುಗಳಿಗೆ ಬಂದಿಲ್ಲ.

ಒಂದು ಮಾತು ನೆನಪಿರಲಿ. ಇಲ್ಲಿ ಸೂಜಿಗಲ್ಲು ರೋಗವನ್ನು ತೋರಿಸುತ್ತದೆಯೇ ಹೊರತು ವಾಸಿಮಾಡುವುದಿಲ್ಲ. ಸಂತೆಯಲ್ಲಿ ಅಯಸ್ಕಾಂತದ ಬಳೆ, ಪಟ್ಟಿ ತೋರಿಸಿ ಸಕಲ ರೋಗ ಹೋಗುತ್ತದೆ ಎನ್ನುವವರಿಗೆ ಹಣ ಕೊಡಬೇಡಿ.

ಹೊಸ ಸಾಧನ ಬರುವವರೆಗೆ ಸುಮ್ಮನಿರಬೇಕಾಗಿಲ್ಲ. ದನಗಳು ಕಂದು ಹಾಕುವ ಬ್ರುಸೆಲ್ಲೋಸಿಸ್ ರೋಗವನ್ನು ಹಾಲು ಮತ್ತು ರಕ್ತದ ಪರೀಕ್ಷೆಯಿಂದ ಇಂದೇ ತಿಳಿಯಬಹುದು. ಇದು ಮನುಷ್ಯರಿಗೂ ತಗಲುತ್ತದೆ. ಬಿಟ್ಟುಬಿಟ್ಟು ಜ್ವರ, ಕೀಲುನೋವು ಬಂದು ದುಡಿಯುವ ಶಕ್ತಿಯನ್ನೇ ಕುಂದಿಸುತ್ತದೆ. ಆದುದರಿಂದ:

1. 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ತಪ್ಪದೆ ಲಸಿಕೆ ಹಾಕಿಸಿ.
2. ಹಸು, ಎಮ್ಮೆ ಕಂದು ಹಾಕಿದರೆ ಕೂಡಲೇ ಪಶುವೈದ್ಯರಿಗೆ ತಿಳಿಸಿ.
3. ಮಾಸನ್ನೂ ಸತ್ತ ಕರುವನ್ನೂ ಬರಿಗೈಯಿಂದ ಮುಟ್ಟಬೇಡಿ. ಸುಣ್ಣ ಹಾಕಿ ಆಳವಾಗಿ ಹೂಳಿ.
4. ಹಸಿಹಾಲು ಕುಡಿಯಬೇಡಿ, ಮಕ್ಕಳಿಗಂತೂ ಕಾಯಿಸಿದ ಹಾಲನ್ನೇ ಕೊಡಿ.