ಹಂಪೆ ಹಾಳಾದದ್ದು ಹೇಗೆ?

ಮುಳಬಾಗಿಲು ನಮಗೆಲ್ಲ ಗೊತ್ತಿರುವ ಊರು. ಮಾಲೂರಿನಿಂದ ಕೋಲಾರಕ್ಕೆ ಹೋಗಿ, ಅಲ್ಲಿಂದ ಮೂಡಲ ಕಡೆಗೆ ಬಸ್ಸು ಹತ್ತಬೇಕು. ಮೂಡಲ ಬಾಗಿಲು ಅನ್ನುವುದೇ ಮುಳಬಾಗಿಲು ಆಯಿತು ಅಂತ ಹಿರಿಯರು ಹೇಳುತ್ತಾರೆ. ವಿಜಯನಗರದ ಅರಸರ ಕಾಲದಲ್ಲಿ ನಮ್ಮ ಸೀಮೆಯ ಆಡಳಿತ ನಡೆಯುತ್ತಿದ್ದದ್ದು ಅಲ್ಲಿಂದಲೇ. ಬುಕ್ಕರಾಯನ ಮಗ ಕಂಪಣ ಅಲ್ಲಿದ್ದು ಆಳಿದ. ಅಲ್ಲಿಂದ ದಂಡು ಕಟ್ಟಿಕೊಂಡು ಹೋಗಿ ಮಧುರೆಯನ್ನು ಗೆದ್ದ. ಆ ಕತೆಯನ್ನು ಅವನ ಹೆಂಡತಿ ಗಂಗಾದೇವಿ ಸಂಸ್ಕೃತದಲ್ಲಿ ಕಾವ್ಯವಾಗಿ ಬರೆದಳು. ಆರುನೂರು ವರ್ಷಗಳ ಹಿಂದೆ ಒಬ್ಬ ಹೆಂಗಸು ಕಾವ್ಯ ಬರೆದಿದ್ದಳು, ನೋಡಿ!

ಈ ಅರಸರ ರಾಜಧಾನಿ ತುಂಗಭದ್ರಾ ನದಿಯ ದಂಡೆಯಲ್ಲಿತ್ತು. ಅದನ್ನೇ ನಾವು ಈಗ ಹಂಪೆ ಅನ್ನುತ್ತೇವೆ. ಹರಿಹರ ಮತ್ತು ಬುಕ್ಕ ಎಂಬ ಅಣ್ಣತಮ್ಮಂದಿರು 1336ರಲ್ಲಿ ಈ ರಾಜ್ಯ ಕಟ್ಟಿದರು. ಕೃಷ್ಣದೇವರಾಯ 1509ರಿಂದ 1529ರವರೆಗೆ ಆಳಿದ. ಅವನ ಕಾಲದಲ್ಲಿ ಪೇಸ್ ಎಂಬ ಪೋರ್ಚುಗೀಸ್ ಪ್ರವಾಸಿ ಬಂದಿದ್ದ. ಈ ಊರು ತನಗೆ ರೋಮ್ ನಗರದಷ್ಟು ದೊಡ್ಡದಾಗಿ ಕಂಡಿತು ಅಂತ ಅವನು ಬರೆದಿಟ್ಟಿದ್ದಾನೆ.

ಅಲ್ಲಿನ ಬಂಡೆಗಳ ಮೇಲೆ ಸಾಲು ಸಾಲು ತೂತುಗಳಿವೆ. ಏನದು ಗೊತ್ತಾ? ಟೇಕಲ್ ಕಡೆ ಕಲ್ಲು ಒಡೆಯುವವರನ್ನು ಕೇಳಿದರೆ ತಕ್ಷಣ ಹೇಳುತ್ತಾರೆ. ತೂತು ಹೊಡೆದು, ಬೆಣೆ ಇಟ್ಟು ಬಂಡೆ ಸೀಳಿದ ಗುರುತು ಅದು. ನೀರಿಗೆ ಕಾಲುವೆ ತೋಡಿದ್ದರು. ಆ ಕಾಲದ ತುರ್ತು ಕಾಲುವೆಯಲ್ಲಿ ಈಗಲೂ ನೀರು ಹರಿಯುತ್ತದೆ. ಬಾಳೆ, ಭತ್ತ ಬೆಳೆಯುತ್ತಾರೆ. ಕೆರೆ ನಂಬಿ ಬದುಕುವ ನಮಗೆ ದೇವಸ್ಥಾನಕ್ಕಿಂತ ಈ ಕಾಲುವೆಯೇ ದೊಡ್ಡದಾಗಿ ಕಾಣುತ್ತದೆ.

1565ರಲ್ಲಿ ದಕ್ಷಿಣದ ಸುಲ್ತಾನರು ಒಂದಾಗಿ ಯುದ್ಧಕ್ಕೆ ಬಂದರು. ಯುದ್ಧದಲ್ಲಿ ಅಳಿಯ ರಾಮರಾಯ ಸತ್ತ. ಅವನ ತಮ್ಮ ತಿರುಮಲ ಖಜಾನೆಯನ್ನು ಆನೆಗಳ ಮೇಲೆ ಹೇರಿಕೊಂಡು ಪೆನುಕೊಂಡೆಗೆ ಹೋದ. ಊರು ದಿಕ್ಕಿಲ್ಲದಂತಾಯಿತು. ತಿಂಗಳುಗಟ್ಟಲೆ ಲೂಟಿ ನಡೆಯಿತು. ಬೆಂಕಿ ಹಚ್ಚಿದರು. ಅರಮನೆಗಳ ಬುಡ ಮಾತ್ರ ಕಲ್ಲಿನದು, ಮೇಲಿನ ಕಂಬಗಳು ಮರದವು. ಅವು ಸುಟ್ಟುಹೋದವು. ಅದಕ್ಕೇ ಅಲ್ಲಿ ಈಗ ಅರಮನೆಗಳ ಜಗಲಿ ಮಾತ್ರ ಕಾಣುತ್ತದೆ.

ಆದರೆ ಹಂಪೆಯನ್ನು ಹಾಳು ಮಾಡಿದ್ದು ಯುದ್ಧ ಒಂದೇ ಅಲ್ಲ. ಆಮೇಲೆ ನಿಧಿ ಆಸೆಗೆ ಗುಡಿಗಳನ್ನು ಅಗೆದರು. ನಮ್ಮ ಕಾಲದಲ್ಲೂ ಅದು ನಿಂತಿಲ್ಲ. ಕೆಲವು ಹುಡುಗರು ಒಂದು ಹಳೆಯ ಗುಡಿಯ ಕಂಬವನ್ನು ತಳ್ಳಿ ಬೀಳಿಸಿದರು. 2019ರಲ್ಲಿ ಅದರ ವಿಡಿಯೋ ಊರೆಲ್ಲ ಹರಡಿತು. ಕೋರ್ಟು ಒಬ್ಬೊಬ್ಬರಿಗೆ 70,000 ರೂಪಾಯಿ ದಂಡ ಹಾಕಿತು. ಬಿದ್ದ ಕಂಬಗಳನ್ನು ಅವರಿಂದಲೇ ಎತ್ತಿ ನಿಲ್ಲಿಸಿತು. ಮಳೆಯೂ ಬಿಡುವುದಿಲ್ಲ. 2024ರ ಮೇ ತಿಂಗಳ ಮಳೆಗೆ ವಿರೂಪಾಕ್ಷ ಗುಡಿಯ ಮುಂದಿನ ಸಾಲುಮಂಟಪದ ಒಂದು ಭಾಗ ಕುಸಿಯಿತು.

ಹಂಪೆ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹತ್ತಿರದಲ್ಲಿ ಸೇತುವೆ ಕಟ್ಟಲು ಹೊರಟಿದ್ದರಿಂದ 1999ರಲ್ಲಿ ಅಪಾಯದ ಪಟ್ಟಿಗೂ ಸೇರಿತು. 2006ರಲ್ಲಿ ಆ ಪಟ್ಟಿಯಿಂದ ಹೊರಬಂತು. ಕಾಯುವ ಕೆಲಸ ಸುಲಭವಲ್ಲ. ವಿರೂಪಾಕ್ಷ ಗುಡಿಯ ಮುಂದಿನ ತೇರಿನ ಬೀದಿಯ ಮಂಟಪಗಳಲ್ಲಿ ಬಹಳ ಸಂಸಾರಗಳು ವಾಸವಾಗಿದ್ದವು. ಅಂಗಡಿ, ಹೋಟೆಲು ಇಟ್ಟುಕೊಂಡಿದ್ದವು. 2011ರ ಜುಲೈನಲ್ಲಿ ಅವನ್ನು ಕೆಡವಿಸಿದರು. ಕಲ್ಲು ಉಳಿಯಬೇಕು, ನಿಜ. ಆದರೆ ಅಲ್ಲೇ ಹುಟ್ಟಿ ಬೆಳೆದವರು ಮನೆ ಕಳೆದುಕೊಂಡರು. ಅವರನ್ನು ಮೊದಲೇ ಕೂರಿಸಿಕೊಂಡು ಮಾತಾಡಿ, ಬೇರೆ ನೆಲೆ ತೋರಿಸಿ, ಆಮೇಲೆ ಕೆಡವಬಹುದಿತ್ತು ಅಂತ ನಮಗೆ ಅನ್ನಿಸುತ್ತದೆ.

ರಕ್ಷಿತ ಸ್ಮಾರಕವನ್ನು ಹಾಳು ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಇದು ಕಾನೂನು.

ಹಳೆಯ ಕಲ್ಲು ನೋಡಲು ಹಂಪೆಗೇ ಹೋಗಬೇಕಾಗಿಲ್ಲ. ಅಕ್ಷರ ಕೊರೆದ ಕಲ್ಲುಗಳು ನಮ್ಮ ಹೊಲದ ಬದುವಿನಲ್ಲೂ ಕೆರೆ ಏರಿಯ ಮೇಲೂ ಇವೆ. ಕೆಲವು ಕಡೆ ಅದರ ಮೇಲೇ ಬಟ್ಟೆ ಒಗೆಯುತ್ತೇವೆ. ಬಿ.ಎಲ್. ರೈಸ್ ಎಂಬುವರು ಕೋಲಾರ ಜಿಲ್ಲೆಯ ಶಾಸನಗಳನ್ನು ಓದಿಸಿ, 1905ರಲ್ಲಿ ದಪ್ಪ ಪುಸ್ತಕ ಅಚ್ಚು ಹಾಕಿಸಿದರು. ಮಾಲೂರು ತಾಲ್ಲೂಕಿನ ಶಾಸನಗಳೂ ಅದರಲ್ಲಿವೆ. ಯಾವ ಊರಿನ ಕಲ್ಲು, ಎಲ್ಲಿ ನಿಂತಿದೆ ಅಂತ ಬರೆದಿದ್ದಾರೆ. ನಿಮ್ಮ ಊರಿನ ಹೆಸರೂ ಇರಬಹುದು, ಹುಡುಕಿ ನೋಡಿ.